ಮದರ್‌ಬೋರ್ಡ್ ಕೊಳ್ಳುವ ಮುನ್ನ

(ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಪ್ರೊಸೆಸರ್ ಯಾವುದು? ರ್‍ಯಾಮ್ ಎಷ್ಟು? ಡಿಸ್ಕ್ ಎಷ್ಟು ದೊಡ್ಡದು? ಮದರ್‌ಬೋರ್ಡಿನ ಮಾತು ಬಂದಾಗ ಮಾತ್ರ, "ಯಾವುದಾದರೂ ಒಳ್ಳೆಯದು ಹಾಕಿಕೊಡಿ" ಎಂದು ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. ಇದು ಮನೆ ಕಟ್ಟಿಸುವವರು ಬಾಗಿಲಿನ ಕೆತ್ತನೆಯನ್ನೂ ಗೋಡೆಯ ಬಣ್ಣವನ್ನೂ ತಾವೇ ನಿಂತು ಆರಿಸಿ, ಪಾಯದ ವಿಷಯವನ್ನು ಮೇಸ್ತ್ರಿಗೆ ಬಿಟ್ಟಂತೆ. ರ್‍ಯಾಮ್ ಸಾಲದಿದ್ದರೆ ಮುಂದೆ ಸೇರಿಸಬಹುದು. ಡಿಸ್ಕ್ ಹಳೆಯದಾದರೆ ಬದಲಿಸಬಹುದು. ಬೋರ್ಡ್ ಬದಲಿಸಬೇಕಾದರೆ ಇಡೀ ಕಂಪ್ಯೂಟರನ್ನು ಬಿಚ್ಚಬೇಕು. ಎಷ್ಟೋ ಸಲ ಅದರೊಡನೆ ಪ್ರೊಸೆಸರ್ ಮತ್ತು ರ್‍ಯಾಮ್ ಕೂಡ ಹೊಸದಾಗಿ ಕೊಳ್ಳಬೇಕಾಗುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ವರ್ಗವಿದೆ. ಇವರಲ್ಲಿ ಹೆಚ್ಚಿನವರು ನಿಮ್ಮಂತಹ ಉತ್ಸಾಹಿ ವಿದ್ಯಾರ್ಥಿಗಳೇ. ಇವರು ಬೋರ್ಡಿನ ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು ಓದುತ್ತಾರೆ. ಯಾವುದರ ಪಟ್ಟಿ ಉದ್ದವೋ ಅದೇ ಉತ್ತಮ ಎಂದು ತೀರ್ಮಾನಿಸುತ್ತಾರೆ. ಹತ್ತು ಯುಎಸ್‌ಬಿ, ನಾಲ್ಕು ಎಂ.2 ಸ್ಲಾಟ್, ವೈ-ಫೈ, ಬಣ್ಣಬಣ್ಣದ ದೀಪ! ಆ ಉದ್ದದ ಪಟ್ಟಿಗಾಗಿ ಎರಡು ಪಟ್ಟು ಹಣ ಕೊಟ್ಟು, ಉಳಿದ ಹಣದಲ್ಲಿ ಸಣ್ಣ ಡಿಸ್ಕ್, ಅಗ್ಗದ ಪವರ್ ಸಪ್ಲೈ ಹಾಕಿಸುತ್ತಾರೆ.

ಈ ವಿಷಯವನ್ನೇ ಇಂದು ಆರಿಸಿಕೊಳ್ಳಲು ಕಾರಣವಿದೆ. ಮನೆಯಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಡಿಪ್ಲೊಮಾವನ್ನೋ ಬಿಸಿಎಯನ್ನೋ ಓದುತ್ತಿದ್ದರೆ ಸಾಕು, ಇಡೀ ಮೊಹಲ್ಲಾ ಅವರನ್ನು ಕೇಳಿಯೇ ಕಂಪ್ಯೂಟರ್ ಕೊಳ್ಳುತ್ತದೆ. ಚಾಚಾನ ಅಂಗಡಿಯ ಲೆಕ್ಕಕ್ಕೆ, ಪಕ್ಕದ ಮನೆಯ ಹುಡುಗಿಯ ಓದಿಗೆ, ಶಾಲೆಯ ಲ್ಯಾಬಿಗೆ ಬೋರ್ಡ್ ಆರಿಸುವವರು ನೀವು. ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ಅವರು ನಿಮ್ಮ ಮಾತು ನಂಬಿ ಖರ್ಚು ಮಾಡುತ್ತಾರೆ. ಆದ್ದರಿಂದ ಸೌಲಭ್ಯಗಳ ಪಟ್ಟಿಯನ್ನು ತೂಗಿ ನೋಡಲು ಕಲಿಯುವುದು ನಿಮ್ಮ ಹೊಣೆ. ಹೇಗೆ ತೂಗಬೇಕು ಎಂಬುದನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಈ ಸೌಲಭ್ಯ ಯಾರ ಕೆಲಸಕ್ಕೆ? ಎಲ್ಲವೂ ಒಟ್ಟಿಗೆ ನಡೆಯುತ್ತವೆಯೇ? ಎಷ್ಟು ವರ್ಷ ನಡೆಯುತ್ತವೆ?

ಸೌಲಭ್ಯಗಳು ಬೋರ್ಡಿಗೆ ಬಂದ ಬಗೆ

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ಮದರ್‌ಬೋರ್ಡಿನ ಹಿಂಬದಿಯಲ್ಲಿ ಇದ್ದ ಜೋಡಣೆಗಳು ಎರಡೇ. ಒಂದು ಕೀಲಿಮಣೆಗೆ, ಇನ್ನೊಂದು ಕ್ಯಾಸೆಟ್ ರೆಕಾರ್ಡರಿಗೆ. ಪರದೆಗೆ ಬೇರೆ ಕಾರ್ಡ್, ಫ್ಲಾಪಿಗೆ ಬೇರೆ ಕಾರ್ಡ್, ಮೋಡೆಮ್ ಜೋಡಿಸುವ ಸೀರಿಯಲ್ ಪೋರ್ಟಿಗೂ ಬೇರೆ ಕಾರ್ಡ್. ಅವುಗಳನ್ನು ಕೂರಿಸಲು ಬೋರ್ಡಿನ ಮೇಲೆ 5 ಸ್ಲಾಟ್‌ಗಳಿದ್ದವು. ಬೇಕಾದವರು ಬೇಕಾದ ಕಾರ್ಡನ್ನು ಕೊಂಡು ಹಾಕಿಕೊಳ್ಳಬೇಕಿತ್ತು.

ಮುಂದೆ ಚಿಪ್‌ಗಳು ಅಗ್ಗವಾದಂತೆ ಈ ಕಾರ್ಡುಗಳ ಕೆಲಸ ಒಂದೊಂದಾಗಿ ಬೋರ್ಡಿನೊಳಕ್ಕೇ ಬಂತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ರೂಪಿಸಿತು. 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲದ ಈ ಹಲಗೆಯಲ್ಲಿ ಪೋರ್ಟ್‌ಗಳೆಲ್ಲ ಹಿಂಬದಿಯ ಒಂದೇ ಜಾಗದಲ್ಲಿ ಸಾಲಾಗಿ ಕೂತವು. ಧ್ವನಿ, ನೆಟ್‌ವರ್ಕ್, ಯುಎಸ್‌ಬಿ ಎಲ್ಲವೂ ಬೋರ್ಡಿನ ಭಾಗವಾದವು. ಅಂದಿನಿಂದ ಕಂಪನಿಗಳ ನಡುವಿನ ಸ್ಪರ್ಧೆ, ಯಾರ ಬೋರ್ಡಿನಲ್ಲಿ ಹೆಚ್ಚು ಸೌಲಭ್ಯ ಎಂಬುದರ ಮೇಲೆ ನಡೆಯತೊಡಗಿತು.

ಒಂದು ಹಳೆಯ ಬೋರ್ಡಿನ ಪರೀಕ್ಷೆ

ತೂಗುವ ಕ್ರಮವನ್ನು ಕಲಿಯಲು ಒಂದು ನಿಜವಾದ ಬೋರ್ಡನ್ನು ಎದುರಿಗಿಟ್ಟುಕೊಳ್ಳೋಣ. ಬೇಕೆಂದೇ ಹಳೆಯದನ್ನು ಆರಿಸಿದ್ದೇನೆ. ಇದನ್ನು ಇಂದು ಯಾರೂ ಮಾರುತ್ತಿಲ್ಲವಾದ್ದರಿಂದ ಹೊಗಳುವ ಹಂಗಿಲ್ಲ, ತೆಗಳುವ ಹಂಗೂ ಇಲ್ಲ. ಏಸುಸ್ ಕಂಪನಿಯ ಎ7ಎನ್8ಎಕ್ಸ್ ಡಿಲಕ್ಸ್ ಎಂಬ ಈ ಬೋರ್ಡ್ 2002ರ ಕೊನೆಯಲ್ಲಿ ಬಂದು 2003ರಲ್ಲಿ ಬಹಳ ಹೆಸರು ಮಾಡಿತು. ಎಎಂಡಿ ಕಂಪನಿಯ ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರಿಗಾಗಿ, ಎನ್‌ವಿಡಿಯಾ ಕಂಪನಿಯ ಎನ್‌ಫೋರ್ಸ್2 ಚಿಪ್‌ಸೆಟ್ ಇಟ್ಟು ಮಾಡಿದ ಬೋರ್ಡ್ ಇದು. ಪಟ್ಟಿ ಹೀಗಿತ್ತು: ಎರಡು ದಾರಿಯ ಡಿಡಿಆರ್ ಮೆಮೊರಿ, ಎರಡು ನೆಟ್‌ವರ್ಕ್ ಪೋರ್ಟ್, ಆಗ ಹೊಸದಾಗಿದ್ದ ಸಾಟಾ ಡಿಸ್ಕ್ ಜೋಡಣೆ, ಫೈರ್‌ವೈರ್, ಡಾಲ್ಬಿ ಡಿಜಿಟಲ್ ಧ್ವನಿ. ಆ ಕಾಲಕ್ಕೆ ಇದು ಭರ್ಜರಿ ಪಟ್ಟಿ. ಒಂದೊಂದನ್ನೇ ತೂಗೋಣ.

ಮೊದಲು ಮೆಮೊರಿ. ಡಿಡಿಆರ್333 ಮೆಮೊರಿಯ ಒಂದು ದಾರಿ ಸೆಕೆಂಡಿಗೆ ಸುಮಾರು 2.7 ಜಿಬಿ ಮಾಹಿತಿ ಸಾಗಿಸುತ್ತದೆ. ಎರಡು ದಾರಿ ಇದ್ದರೆ ಅದರ ಎರಡರಷ್ಟು. ಆದರೆ ಅಂದಿನ ಅಥ್ಲಾನ್ ಎಕ್ಸ್‌ಪಿಗೂ ಚಿಪ್‌ಸೆಟ್ಟಿಗೂ ನಡುವಿನ ಬಸ್ 333 ಮೆಗಾಹರ್ಟ್ಸ್‌ನದು. ಅದೂ ಸೆಕೆಂಡಿಗೆ ಸುಮಾರು 2.7 ಜಿಬಿಯನ್ನೇ ಸಾಗಿಸುತ್ತಿತ್ತು. ಎರಡು ನಲ್ಲಿ ತಿರುಗಿಸಿದರೂ ಕೊಡದ ಬಾಯಿ ಒಂದೇ ಅಲ್ಲವೇ? ಹಾಗಾಗಿ ಎರಡು ದಾರಿಯ ಮೆಮೊರಿಯಿಂದ ಆ ಪ್ರೊಸೆಸರಿಗೆ ಸಿಕ್ಕ ಲಾಭ ಅಲ್ಪ. ಪಟ್ಟಿಯಲ್ಲಿದ್ದ ಸೌಲಭ್ಯ ಸುಳ್ಳಲ್ಲ. ಅದನ್ನು ಬಳಸಿಕೊಳ್ಳುವ ಶಕ್ತಿ ಆಚೆಯ ತುದಿಯಲ್ಲಿರಲಿಲ್ಲ.

ಎರಡನೆಯದು ಸಾಟಾ. ಈ ಜೋಡಣೆ ಸೆಕೆಂಡಿಗೆ 150 ಎಂಬಿ ವೇಗದ್ದು ಎಂದು ಪಟ್ಟಿ ಹೇಳುತ್ತಿತ್ತು. ಆದರೆ ಸಾಟಾ ಎನ್‌ಫೋರ್ಸ್2 ಚಿಪ್‌ಸೆಟ್ಟಿನೊಳಗೆ ಇರಲಿಲ್ಲ. ಸಿಲಿಕಾನ್ ಇಮೇಜ್ ಕಂಪನಿಯ ಒಂದು ಬೇರೆ ಚಿಪ್ ತಂದು ಪಿಸಿಐ ಬಸ್ಸಿಗೆ ಜೋಡಿಸಿದ್ದರು. ಪಿಸಿಐ ಬಸ್ಸಿನ ಒಟ್ಟು ಸಾಮರ್ಥ್ಯವೇ ಸೆಕೆಂಡಿಗೆ 133 ಎಂಬಿ. ಅದನ್ನು ಸ್ಲಾಟ್‌ಗಳಲ್ಲಿ ಕೂರಿಸಿದ ಕಾರ್ಡುಗಳೂ ಹಂಚಿಕೊಳ್ಳಬೇಕು. ಓಣಿ ಕಿರಿದಾಗಿದ್ದು ಮನೆಯ ಬಾಗಿಲು ಮಾತ್ರ ಅಗಲವಾಗಿದ್ದರೆ ಗಾಡಿ ಹೇಗೆ ಬಂದೀತು? ಆದರೂ ನ್ಯಾಯವಾಗಿ ನೋಡೋಣ. ಅಂದಿನ ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 60 ಎಂಬಿಯಷ್ಟೇ ಓದುತ್ತಿತ್ತು. ಒಂದು ಡಿಸ್ಕ್ ಹಾಕಿದವರಿಗೆ ಕೊರತೆ ಕಾಣಲಿಲ್ಲ. ಎರಡು ಡಿಸ್ಕ್‌ಗಳನ್ನು ಜೋಡಿಸಿ ವೇಗ ಹೆಚ್ಚಿಸಲು ಹೊರಟವರಿಗೆ ಓಣಿ ತುಂಬಿಹೋಗುತ್ತಿತ್ತು.

ಮೂರನೆಯದು ಎರಡು ನೆಟ್‌ವರ್ಕ್ ಪೋರ್ಟ್. ಒಂದು ಇಂಟರ್‌ನೆಟ್ ಸಂಪರ್ಕವನ್ನು ಹತ್ತು ಕಂಪ್ಯೂಟರಿಗೆ ಹಂಚುವ ಸೈಬರ್ ಕೆಫೆಯವರಿಗೆ ಇದು ನಿಜವಾದ ಉಪಕಾರ. ಒಂದು ತಂತಿ ಹೊರಗಿನಿಂದ, ಇನ್ನೊಂದು ಒಳಕ್ಕೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದವರಿಗೆ ಎರಡನೆಯ ಪೋರ್ಟ್ ಧೂಳು ಕೂರುವ ಜಾಗ. ನಾಲ್ಕನೆಯದು ಫೈರ್‌ವೈರ್. ಅಂದು ಮಿನಿ ಡಿವಿ ಕ್ಯಾಮರಾದಲ್ಲಿ ಮದುವೆಯ ವಿಡಿಯೊ ತೆಗೆದು ಕಂಪ್ಯೂಟರಿನಲ್ಲಿ ಎಡಿಟ್ ಮಾಡುವವರಿಗೆ ಅದಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಉಳಿದವರು ಅದರ ಹೆಸರನ್ನೇ ಕೇಳಿರಲಿಲ್ಲ. ಡಾಲ್ಬಿ ಧ್ವನಿಯ ಮಾತೂ ಹಾಗೆಯೇ. ಅದಕ್ಕೆ ತಕ್ಕ ಸ್ಪೀಕರ್ ಇದ್ದವರಿಗೆ ಮಾತ್ರ ಅದರ ರುಚಿ.

ಹಾಗಾದರೆ ಇದು ಒಳ್ಳೆಯ ಬೋರ್ಡೋ ಕೆಟ್ಟ ಬೋರ್ಡೋ? ಮದುವೆ ವಿಡಿಯೊ ಸ್ಟುಡಿಯೊದವರಿಗೆ ಒಳ್ಳೆಯದು. ಬೇರೆ ಬೇರೆ ಕಾರ್ಡ್ ಕೊಳ್ಳುವ ಖರ್ಚು ಉಳಿಯಿತು. ಪತ್ರ ಟೈಪ್ ಮಾಡುವ, ಲೆಕ್ಕ ಬರೆಯುವ ಅಂಗಡಿಯವರಿಗೆ ಅದೇ ಬೋರ್ಡ್ ದಂಡ. ಬೋರ್ಡ್ ಒಂದೇ, ಬೆಲೆಯೂ ಒಂದೇ, ಮೌಲ್ಯ ಮಾತ್ರ ಎರಡು. ಮಿತ್ರರೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೋರ್ಡಿಗೆ ತನ್ನಷ್ಟಕ್ಕೆ ಮೌಲ್ಯವಿಲ್ಲ. ಅದನ್ನು ಬಳಸುವವರ ಕೆಲಸದೊಡನೆ ಇಟ್ಟು ನೋಡಿದಾಗಲೇ ಮೌಲ್ಯ ಹುಟ್ಟುತ್ತದೆ.

ಇಂದಿನ ಬೋರ್ಡಿನಲ್ಲೂ ಅದೇ ಲೆಕ್ಕ

"ಇದೆಲ್ಲ ಇಪ್ಪತ್ತು ವರ್ಷದ ಹಿಂದಿನ ಕಥೆ, ಈಗ ಎಲ್ಲವೂ ವೇಗವಾಗಿದೆ" ಎಂದು ನೀವು ಹೇಳಬಹುದು. ವೇಗ ಬೆಳೆದಿದೆ, ಲೆಕ್ಕ ಬದಲಾಗಿಲ್ಲ.

ಎಎಂಡಿ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ಎಎಂ5 ಎಂಬ ಸಾಕೆಟ್ ತಂದಿತು. ಅದಕ್ಕೆ ಬಿ650 ಎಂಬ ಸಾಧಾರಣ ಚಿಪ್‌ಸೆಟ್ ಇದೆ, ಎಕ್ಸ್670 ಎಂಬ ದುಬಾರಿ ಚಿಪ್‌ಸೆಟ್ ಇದೆ. ಎಕ್ಸ್670 ಎಂದರೆ ಬೇರೇನೂ ಅಲ್ಲ, ಬಿ650ರಲ್ಲಿ ಒಂದಿರುವ ಚಿಪ್ ಇಲ್ಲಿ ಎರಡು, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ. ಇದರಿಂದ ಯುಎಸ್‌ಬಿ, ಸಾಟಾ, ಎಂ.2 ಜೋಡಣೆಗಳ ಸಂಖ್ಯೆ ಹೆಚ್ಚಾಗುತ್ತದೆ. ಆದರೆ ಈ ಎರಡೂ ಚಿಪ್‌ಗಳು ಸೇರಿ ಪ್ರೊಸೆಸರನ್ನು ಮುಟ್ಟುವುದು ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕು ಲೇನ್‌ಗಳ ಒಂದೇ ದಾರಿಯಲ್ಲಿ. ಅದರ ಸಾಮರ್ಥ್ಯ ಸೆಕೆಂಡಿಗೆ ಸುಮಾರು 8 ಜಿಬಿ. ಇಂದಿನ ಒಳ್ಳೆಯ ಒಂದು ಎನ್‌ವಿಎಂಇ ಡಿಸ್ಕ್ ಸೆಕೆಂಡಿಗೆ 7 ಜಿಬಿ ಓದಬಲ್ಲದು. ಅಂದರೆ ಆ ಚಿಪ್‌ಗಳ ಕಡೆ ಎರಡು ಮೂರು ಡಿಸ್ಕ್ ಹಾಕಿ ಒಟ್ಟಿಗೆ ಓಡಿಸಿದರೆ, 2003ರ ಓಣಿಯೇ ಮತ್ತೆ ಎದುರಾಗುತ್ತದೆ. ಬಾಗಿಲು ಹೆಚ್ಚಾದವು, ಓಣಿ ಅಷ್ಟೇ ಉಳಿಯಿತು. ಎಲ್ಲ ಡಿಸ್ಕ್‌ಗಳೂ ಒಂದೇ ಕ್ಷಣದಲ್ಲಿ ಪೂರ್ಣ ವೇಗದಲ್ಲಿ ಓಡುವುದು ಅಪರೂಪ, ಆದ್ದರಿಂದ ಬಹಳ ಮಂದಿಗೆ ಇದು ತೊಂದರೆಯಲ್ಲ. ಆದರೆ ಅದಕ್ಕಾಗಿಯೇ ಹೆಚ್ಚು ಹಣ ಕೊಡುವವರು ತಿಳಿದು ಕೊಡಬೇಕು.

ಹಂಚಿಕೆಯ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಹಲವು ಬೋರ್ಡುಗಳ ಕೈಪಿಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತದೆ. ಎರಡನೆಯ ಎಂ.2 ಸ್ಲಾಟ್ ಬಳಸಿದರೆ ಇಂತಿಂಥ ಎರಡು ಸಾಟಾ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ ಎಂದು. ಪೆಟ್ಟಿಗೆಯ ಮೇಲೆ ಆರು ಸಾಟಾ ಎಂದಿರುತ್ತದೆ, ಎರಡು ಎಂ.2 ಎಂದಿರುತ್ತದೆ, ಎರಡನ್ನೂ ಒಟ್ಟಿಗೆ ಬಳಸಲಾಗದು ಎಂದು ಪೆಟ್ಟಿಗೆ ಹೇಳುವುದಿಲ್ಲ. ರ್‍ಯಾಮ್ ಸ್ಲಾಟ್‌ಗಳ ವಿಷಯವೂ ಹೀಗೆಯೇ. ರೈಜನ್ 7000 ಸಾಲಿನ ಪ್ರೊಸೆಸರುಗಳಿಗೆ ಎಎಂಡಿ ಕಂಪನಿಯೇ ಹೇಳಿರುವ ಮೆಮೊರಿ ವೇಗ, ಎರಡು ರ್‍ಯಾಮ್ ಪಟ್ಟಿ ಹಾಕಿದರೆ 5200. ನಾಲ್ಕೂ ಸ್ಲಾಟ್ ತುಂಬಿದರೆ 3600. ನಾಲ್ಕು ಸ್ಲಾಟ್ ಇದೆ ಎಂಬುದು ನಿಜ. ನಾಲ್ಕನ್ನೂ ತುಂಬಿದರೆ ವೇಗ ಇಳಿಯಬಹುದು ಎಂಬುದೂ ನಿಜ.

ಇನ್ನೊಂದು ಮಾತು. 2003ರಲ್ಲಿ ಹೆಚ್ಚು ಲಾಭ ಕೊಡದಿದ್ದ ಎರಡು ದಾರಿಯ ಮೆಮೊರಿ ಇಂದು ಬಹಳ ಮುಖ್ಯ. ಏಕೆಂದರೆ ಮೆಮೊರಿಯನ್ನು ನಿಯಂತ್ರಿಸುವ ಭಾಗ ಚಿಪ್‌ಸೆಟ್ಟಿನಿಂದ ಪ್ರೊಸೆಸರಿನ ಒಳಕ್ಕೆ ಹೋಗಿದೆ. ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರಿನಲ್ಲಿ ಇದು 2003ರಲ್ಲಿ ಅಥ್ಲಾನ್ 64ರೊಂದಿಗೆ ಆಯಿತು, ಇಂಟೆಲ್‌ನಲ್ಲಿ 2008ರಲ್ಲಿ ಮೊದಲ ಕೋರ್ ಐ7ರೊಂದಿಗೆ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವ ಕಂಪ್ಯೂಟರಿನಲ್ಲಂತೂ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಎದ್ದು ಕಾಣುವಷ್ಟು ಉತ್ತಮ. ಇದೇ ಬದಲಾವಣೆಯ ಇನ್ನೊಂದು ಫಲವೂ ಇದೆ. ಒಂದೇ ಪ್ರೊಸೆಸರ್, ಒಂದೇ ರ್‍ಯಾಮ್ ಹಾಕಿದರೆ ಅಗ್ಗದ ಬೋರ್ಡಿಗೂ ದುಬಾರಿ ಬೋರ್ಡಿಗೂ ದಿನನಿತ್ಯದ ಕೆಲಸದ ವೇಗದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಹೀಗಾಗಿ "ಈ ಬೋರ್ಡ್ ಹಾಕಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದೆ" ಎಂದು ಯಾರಾದರೂ ಹೇಳಿದರೆ, ಯಾವುದಕ್ಕಿಂತ, ಎಷ್ಟು ಎಂದು ಕೇಳಿ.

ಬಾಳಿಕೆಯ ಪ್ರಶ್ನೆ

ಇನ್ನು ಮೂರನೆಯ ಪ್ರಶ್ನೆ: ಎಷ್ಟು ವರ್ಷ? ಇದಕ್ಕೆ ಪೆಟ್ಟಿಗೆಯ ಮೇಲೆ ಉತ್ತರವಿರುವುದಿಲ್ಲ.

ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗವನ್ನು ಮೊದಲು ನೋಡಬೇಕು. ಪವರ್ ಸಪ್ಲೈಯಿಂದ ಬೋರ್ಡಿಗೆ 12 ವೋಲ್ಟ್ ಬರುತ್ತದೆ. ಪ್ರೊಸೆಸರಿಗೆ ಬೇಕಾದದ್ದು 1.2 ವೋಲ್ಟಿನ ಆಸುಪಾಸು. 120 ವ್ಯಾಟ್ ಎಳೆಯುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ 100 ಆಂಪಿಯರ್ ಕರೆಂಟ್ ಬೇಕು! ಸಾಕೆಟ್ಟಿನ ಸುತ್ತ ಕಾಣುವ ಚೌಕನೆಯ ಕಾಯಿಲ್‌ಗಳು, ಕೆಪಾಸಿಟರ್‌ಗಳು, ಲೋಹದ ಹೀಟ್‌ಸಿಂಕ್ ಎಲ್ಲ ಇರುವುದು ಇದಕ್ಕಾಗಿ. ಈ ಕೆಲಸವನ್ನು ಹಲವು ಫೇಸ್‌ಗಳು ಹಂಚಿಕೊಳ್ಳುತ್ತವೆ. ಜಾಹೀರಾತಿನಲ್ಲಿ ಹದಿನಾರು ಫೇಸ್ ಎಂದು ಬರೆದಿದ್ದರೂ ಎಷ್ಟೋ ಸಲ ಅದು ಎಂಟನ್ನು ಜೋಡಿ ಮಾಡಿ ಎಣಿಸಿದ ಲೆಕ್ಕ. ಆದ್ದರಿಂದ ಸಂಖ್ಯೆಗಿಂತ, ನಿಮ್ಮ ಪ್ರೊಸೆಸರನ್ನು ಗಂಟೆಗಟ್ಟಲೆ ಪೂರ್ತಿ ದುಡಿಸಿದಾಗ ಆ ಭಾಗ ಎಷ್ಟು ಬಿಸಿಯಾಗುತ್ತದೆ ಎಂದು ಅಳೆದ ವಿಮರ್ಶೆಯನ್ನು ಹುಡುಕಿ ಓದಿ.

ಬಿಸಿಗೆ ಏಕಿಷ್ಟು ಮಹತ್ವ? 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರ್‌ಗಳಿಂದ ಜಗತ್ತಿನಾದ್ಯಂತ ಅಸಂಖ್ಯಾತ ಬೋರ್ಡುಗಳು ಹಾಳಾದವು. ಕೆಪಾಸಿಟರಿನ ತಲೆ ಉಬ್ಬಿ, ಒಡೆದು, ಕಂದು ದ್ರವ ಸೋರುತ್ತಿತ್ತು. ದ್ರಾವಣ ಸರಿಯಾಗಿದ್ದರೂ ಅಂತಹ ಕೆಪಾಸಿಟರಿನ ಆಯುಷ್ಯಕ್ಕೆ ಒಂದು ಒರಟು ಲೆಕ್ಕವಿದೆ. ಉಷ್ಣತೆ 10 ಡಿಗ್ರಿ ಇಳಿದರೆ ಆಯುಷ್ಯ ಎರಡು ಪಟ್ಟು. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ಬರೆದಿರುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳೀತು. 75 ಡಿಗ್ರಿಯಾದರೆ ಅದರ ಅರ್ಧ. ಈಗಿನ ಬೋರ್ಡುಗಳಲ್ಲಿ ಇನ್ನೂ ಹೆಚ್ಚು ಬಾಳುವ ಸಾಲಿಡ್ ಕೆಪಾಸಿಟರ್‌ಗಳು ಬಂದಿವೆ. ಆದರೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಡುವವರು ಈ ಲೆಕ್ಕವನ್ನು ಮರೆಯಬಾರದು. ಕ್ಯಾಬಿನೆಟ್ಟಿಗೆ ಇನ್ನೊಂದು ಫ್ಯಾನ್, ತಿಂಗಳಿಗೊಮ್ಮೆ ಧೂಳು ತೆಗೆಯುವುದು, ಸರಿಯಾದ ಅರ್ಥಿಂಗ್, ಒಂದು ಯುಪಿಎಸ್: ಇವು ಯಾವ ಬೋರ್ಡಿನ ಪಟ್ಟಿಯಲ್ಲೂ ಇಲ್ಲದ ಸೌಲಭ್ಯಗಳು. ಬೋರ್ಡನ್ನು ಉಳಿಸುವವು ಇವೇ.

ಎರಡನೆಯದು ಸಾಕೆಟ್ ಮತ್ತು ಬಯಾಸ್. ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂತರೆ ಸಾಕು, ಕೆಲಸ ಮಾಡುತ್ತದೆ ಎಂದು ತಿಳಿಯಬೇಡಿ. ಇಂಟೆಲ್‌ನ ಝಡ್270 ಬೋರ್ಡುಗಳು 2017ರ ಜನವರಿಯಲ್ಲಿ ಬಂದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಎಂಟನೆಯ ಪೀಳಿಗೆಯ ಪ್ರೊಸೆಸರುಗಳ ಸಾಕೆಟ್ಟಿನ ಹೆಸರೂ 1151, ಝಡ್270ರ ಸಾಕೆಟ್ಟಿನ ಹೆಸರೂ 1151. ಆದರೂ ಅವು ಆ ಬೋರ್ಡಿನಲ್ಲಿ ನಡೆಯಲಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ ಬೇರೆ. 2020ರ ಮೇ ತಿಂಗಳಲ್ಲಿ ಆ ಕಂಪನಿ, ಮುಂದೆ ಬರುವ ಪ್ರೊಸೆಸರುಗಳು ಬಿ450, ಎಕ್ಸ್470ರಂತಹ ಹಳೆಯ ಬೋರ್ಡುಗಳಲ್ಲಿ ನಡೆಯುವುದಿಲ್ಲ ಎಂದಿತು. ಬಯಾಸ್ ಇಡುವ ಚಿಪ್‌ನಲ್ಲಿ ಜಾಗ ಸಾಲದು ಎಂಬುದು ಒಂದು ಕಾರಣ. ಎಷ್ಟೋ ಬೋರ್ಡುಗಳಲ್ಲಿ ಇದ್ದದ್ದು 16 ಎಂಬಿ ಮಾತ್ರ. ಬಳಕೆದಾರರು ಪ್ರತಿಭಟಿಸಿದರು. ಅದೇ ತಿಂಗಳು ಕಂಪನಿ ಮನಸ್ಸು ಬದಲಿಸಿತು. 2022ರಲ್ಲಿ ಇನ್ನೂ ಹಳೆಯ ಎಕ್ಸ್370, ಬಿ350 ಬೋರ್ಡುಗಳಿಗೂ ಅವಕಾಶ ಸಿಕ್ಕಿತು. 2017ರಲ್ಲಿ ಬೋರ್ಡ್ ಕೊಂಡವರು, ಬೋರ್ಡ್ ತಯಾರಕರು ಹೊಸ ಬಯಾಸ್ ಕೊಟ್ಟಿದ್ದರೆ, ಐದು ವರ್ಷದ ನಂತರ ಹೊಸ ಪ್ರೊಸೆಸರ್ ಹಾಕಿಕೊಳ್ಳಬಹುದಿತ್ತು. ಈ "ಕೊಟ್ಟಿದ್ದರೆ" ಎಂಬ ಮಾತಿನಲ್ಲೇ ಎಲ್ಲ ಇದೆ. ಆದ್ದರಿಂದ ಕೊಳ್ಳುವ ಮುನ್ನ ತಯಾರಕರ ವೆಬ್‌ಸೈಟಿನಲ್ಲಿ ಅವರ ಮೂರು ನಾಲ್ಕು ವರ್ಷ ಹಳೆಯ ಬೋರ್ಡೊಂದರ ಪುಟ ತೆರೆದು, ಅದಕ್ಕೆ ಕೊನೆಯ ಬಯಾಸ್ ಯಾವಾಗ ಬಂದಿದೆ ಎಂದು ನೋಡಿ. ಮಾರಿದ ಮೇಲೂ ನೆನಪಿಟ್ಟುಕೊಳ್ಳುವ ಕಂಪನಿ ಯಾವುದೆಂದು ಗೊತ್ತಾಗುತ್ತದೆ.

ಯಾರೂ ಗಮನಿಸದ ಸೌಲಭ್ಯವೇ ಒಮ್ಮೊಮ್ಮೆ ನಿರ್ಣಾಯಕವಾಗುವುದುಂಟು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಡ್ಡಾಯವಾಯಿತು. ಅನೇಕ ಬೋರ್ಡುಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ ಆಫ್ ಆಗಿತ್ತು. ಆನ್ ಮಾಡಿದರೆ ಸಾಕಾಗಿತ್ತು. ಇನ್ನೂ ಹಳೆಯವುಗಳಲ್ಲಿ ಇರಲೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಂದು ಹಳೆಯ ಬೋರ್ಡುಗಳನ್ನೆಲ್ಲ ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಹಾಕಿ ಕಲಿಕೆಗೆ ಇನ್ನೂ ಕೆಲವು ವರ್ಷ ಬಳಸಬಹುದು.

ವಿಮರ್ಶೆಗೆ ಸಿಗದ ದೋಷಗಳು

ಹೊಸ ಬೋರ್ಡನ್ನು ಪರೀಕ್ಷಿಸುವವರು ಅದನ್ನು ಕೆಲವು ದಿನ ಓಡಿಸಿ ಬರೆಯುತ್ತಾರೆ. ನಿಧಾನವಾಗಿ ಬರುವ ರೋಗ ಅವರಿಗೆ ಕಾಣುವುದಿಲ್ಲ. 2011ರ ಜನವರಿ ಆರಂಭದಲ್ಲಿ ಇಂಟೆಲ್ ಕಂಪನಿಯ ಹೊಸ ಪ್ರೊಸೆಸರುಗಳು, ಅವುಗಳೊಡನೆ 6 ಸರಣಿಯ ಚಿಪ್‌ಸೆಟ್ ಮಾರುಕಟ್ಟೆಗೆ ಬಂದವು. ವಿಮರ್ಶೆಗಳು ಹೊಗಳಿದವು. ಅದೇ ತಿಂಗಳ 31ರಂದು ಕಂಪನಿಯೇ ಒಂದು ಪ್ರಕಟಣೆ ಹೊರಡಿಸಿತು. ಚಿಪ್‌ಸೆಟ್ಟಿನ ವಿನ್ಯಾಸದಲ್ಲಿ ದೋಷವಿದೆ, ಕಾಲ ಕಳೆದಂತೆ ಕೆಲವು ಸಾಟಾ ಪೋರ್ಟ್‌ಗಳು ದುರ್ಬಲವಾಗಬಹುದು ಎಂದು. 3 ಗಿಗಾಬಿಟ್‌ನ ನಾಲ್ಕು ಪೋರ್ಟ್‌ಗಳಿಗೆ ಈ ದೋಷವಿತ್ತು. 6 ಗಿಗಾಬಿಟ್‌ನ ಎರಡು ಪೋರ್ಟ್‌ಗಳಿಗೆ ಇರಲಿಲ್ಲ. ಸಾಗಣೆ ನಿಲ್ಲಿಸಿ, ಬದಲಿ ಕೊಡಲು ಸುಮಾರು 70 ಕೋಟಿ ಡಾಲರ್ ಖರ್ಚಾದೀತೆಂದು ಕಂಪನಿ ಅಂದಾಜು ಮಾಡಿತು. ಇಷ್ಟು ದೊಡ್ಡ ಕಂಪನಿಯ ಕೈಯಲ್ಲೂ ಹೀಗಾಗಬಹುದಾದರೆ ನಮಗೆ ಇದರಲ್ಲಿ ಎರಡು ಪಾಠಗಳಿವೆ. ಬಿಡುಗಡೆಯಾದ ಮೊದಲ ವಾರದಲ್ಲೇ ಓಡಿಹೋಗಿ ಕೊಳ್ಳಬೇಡಿ. ಬಿಲ್ ಇಲ್ಲದೆ ಕೊಳ್ಳಲೇಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಬೆಲೆ ಕೇಳುವುದು ಒಳ್ಳೆಯದೇ. ಆದರೆ ಬಿಲ್ ಬೇಡವೆಂದು ಸ್ವಲ್ಪ ಹಣ ಉಳಿಸಿದರೆ, ಮೂರು ವರ್ಷದ ವಾರಂಟಿಯನ್ನು ಅಷ್ಟಕ್ಕೇ ಮಾರಿಕೊಂಡಂತೆ. ಬೋರ್ಡಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಸಾಕೆಟ್ಟಿನೊಳಗೆ ಪಿನ್ ಇರುವ ಬೋರ್ಡಾದರೆ ಅಂಗಡಿಯಲ್ಲೇ ಮುಚ್ಚಳ ತೆರೆಸಿ ಪಿನ್‌ಗಳು ನೆಟ್ಟಗಿವೆಯೇ ನೋಡಿ. ಬಗ್ಗಿದ ಪಿನ್‌ಗೆ ವಾರಂಟಿ ಸಿಗುವುದು ಕಷ್ಟ.

ಹಾಗಾದರೆ ಆರಿಸುವುದು ಹೇಗೆ?

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮೂರು ಅಂಕಣ ಹಾಕಿ. ಮೊದಲನೆಯದರಲ್ಲಿ ಇಂದೇ ಬೇಕಾದದ್ದು. ಎರಡನೆಯದರಲ್ಲಿ ಮೂರು ವರ್ಷದೊಳಗೆ ಬೇಕಾಗಬಹುದಾದದ್ದು. ಮೂರನೆಯದರಲ್ಲಿ ಉಳಿದದ್ದೆಲ್ಲ. ಬೋರ್ಡಿನ ಪಟ್ಟಿಯ ಪ್ರತಿಯೊಂದು ಸಾಲನ್ನೂ ಈ ಮೂರರಲ್ಲಿ ಒಂದು ಕಡೆ ಬರೆಯಿರಿ. ಮೂರನೆಯ ಅಂಕಣಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಾಗಿ ಕೊಡಬೇಡಿ.

ಎರಡನೆಯ ಅಂಕಣವನ್ನು ಇನ್ನೊಮ್ಮೆ ಜರಡಿ ಹಿಡಿಯಿರಿ. ಮುಂದೆ ಸೇರಿಸಬಹುದಾದದ್ದು ಯಾವುದು, ಸೇರಿಸಲಾಗದ್ದು ಯಾವುದು? ವೈ-ಫೈ ಬೇಕಾದರೆ ಮುಂದೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಸಾಧನ ಸಿಗುತ್ತದೆ. ಧ್ವನಿಗೂ ನೆಟ್‌ವರ್ಕಿಗೂ ಕಾರ್ಡ್ ಸಿಗುತ್ತದೆ. ಆದರೆ ಎರಡು ರ್‍ಯಾಮ್ ಸ್ಲಾಟ್ ಇರುವ ಬೋರ್ಡಿಗೆ ಮೂರನೆಯದನ್ನು ಯಾರೂ ಬೆಸುಗೆ ಹಾಕಿಕೊಡಲಾರರು. ವಿದ್ಯುತ್ ಒದಗಿಸುವ ಭಾಗವನ್ನು ಬಲಪಡಿಸಲಾಗದು. ಬಯಾಸ್ ಚಿಪ್ ದೊಡ್ಡದಾಗದು. ಆದ್ದರಿಂದ ಸೇರಿಸಲಾಗದ್ದಕ್ಕೆ ಇಂದೇ ಹಣ ಕೊಡಿ, ಸೇರಿಸಬಹುದಾದದ್ದನ್ನು ನಾಳೆಗೆ ಬಿಡಿ.

ಅನಂತರ ಕೈಪಿಡಿ ಓದಿ. ತಯಾರಕರ ವೆಬ್‌ಸೈಟಿನಲ್ಲಿ ಅದು ಉಚಿತವಾಗಿ ಸಿಗುತ್ತದೆ, ಬೋರ್ಡ್ ಕೊಳ್ಳುವ ಮುನ್ನವೇ ಸಿಗುತ್ತದೆ. ಯಾವುದರ ಜೊತೆ ಯಾವುದು ನಡೆಯದು ಎಂಬ ಸಣ್ಣಕ್ಷರದ ಸಾಲುಗಳನ್ನು ಗುರುತು ಮಾಡಿಕೊಳ್ಳಿ. ಪ್ರೊಸೆಸರ್ ಬೆಂಬಲದ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಇದೆಯೇ, ಯಾವ ಬಯಾಸ್‌ನಿಂದ ಇದೆ ಎಂದು ನೋಡಿ. ಅಂಗಡಿಯಲ್ಲಿ ಬಹಳ ದಿನ ಕೂತ ಬೋರ್ಡಿನಲ್ಲಿ ಹಳೆಯ ಬಯಾಸ್ ಇದ್ದರೆ ಹೊಸ ಪ್ರೊಸೆಸರ್ ಹಾಕಿದಾಗ ಪರದೆ ಕಪ್ಪಾಗಿಯೇ ಇರುತ್ತದೆ.

ಪರದೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದೆ ಎಂದ ಮಾತ್ರಕ್ಕೆ ಅದರಿಂದ ಚಿತ್ರ ಬರುವುದಿಲ್ಲ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರಬೇಕು. ರೈಜನ್ 5 5600ಜಿಯಲ್ಲಿ ಅದು ಇದೆ, 5600ಎಕ್ಸ್‌ನಲ್ಲಿ ಇಲ್ಲ. ಇಂಟೆಲ್ ಕೋರ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರಲ್ಲೂ ಇಲ್ಲ. ಒಂದು ಅಕ್ಷರವನ್ನು ಗಮನಿಸದೆ ಹೋದರೆ ಒಂದು ಗ್ರಾಫಿಕ್ಸ್ ಕಾರ್ಡಿನ ಖರ್ಚು ತಲೆಗೆ ಬರುತ್ತದೆ.

ಶಾಲೆ ಕಾಲೇಜುಗಳ ಲ್ಯಾಬ್ ನೋಡಿಕೊಳ್ಳುವ ಸದಸ್ಯರಿಗೆ ಎರಡು ಮಾತು. ಇಪ್ಪತ್ತು ಕಂಪ್ಯೂಟರಿಗೆ ಇಪ್ಪತ್ತೂ ಒಂದೇ ಮಾದರಿಯ ಬೋರ್ಡ್ ಇರಲಿ. ಒಂದು ಕೆಟ್ಟರೆ ಇನ್ನೊಂದರ ಭಾಗ ಹಾಕಿ ತಪಾಸಣೆ ಮಾಡಬಹುದು, ಒಂದರ ಡಿಸ್ಕನ್ನು ನಕಲು ಮಾಡಿ ಎಲ್ಲಕ್ಕೂ ಹಾಕಬಹುದು. ಲ್ಯಾಬಿಗೆ ಮೈಕ್ರೋ ಎಟಿಎಕ್ಸ್ ಅಳತೆಯ ಸಾಧಾರಣ ಬೋರ್ಡ್ ಸಾಕು. ಅದು 244 ಮಿಲಿಮೀಟರಿನ ಚೌಕ; ಸಣ್ಣ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆ. ಒಂದು ಗಿಗಾಬಿಟ್ ನೆಟ್‌ವರ್ಕ್, ಒಂದು ಎಂ.2, ಪ್ರೊಸೆಸರಿನ ಗ್ರಾಫಿಕ್ಸ್, ಹಿಂದೆ ಆರು ಯುಎಸ್‌ಬಿ. ಡಿಲಕ್ಸ್ ಬೋರ್ಡಿಗೆ ಹೋಗಬೇಕಿದ್ದ ಹಣದಲ್ಲಿ ಇನ್ನೂ ಕೆಲವು ಕಂಪ್ಯೂಟರ್ ಬಂದರೆ, ಒಂದೇ ಕೀಲಿಮಣೆಗೆ ಇಬ್ಬರು ಮಕ್ಕಳು ಕಾಯುವುದು ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಒಂದು ಲ್ಯಾಬಿನ ಅತಿ ದೊಡ್ಡ ಸೌಲಭ್ಯವೇ ಅದು.

ಹಾಗೆಂದು ಸೌಲಭ್ಯ ತುಂಬಿದ ಬೋರ್ಡನ್ನು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ವಿಡಿಯೊ ಎಡಿಟಿಂಗ್‌ನಿಂದ ಸಂಸಾರ ನಡೆಸುವವರಿಗೆ ನಾಲ್ಕು ಎಂ.2 ಸ್ಲಾಟ್ ಅಗತ್ಯ. ಇಂಜಿನಿಯರಿಂಗ್ ವಿನ್ಯಾಸದ ಕೆಲಸಕ್ಕೆ ದೊಡ್ಡ ಪ್ರೊಸೆಸರನ್ನು ಹಗಲಿಡೀ ಓಡಿಸುವವರಿಗೆ ಬಲವಾದ ವಿದ್ಯುತ್ ವ್ಯವಸ್ಥೆ ಬೇಕೇ ಬೇಕು. ಅವರು ಹಣ ಕೊಡಲಿ, ಸಂತೋಷದಿಂದ ಕೊಡಲಿ. ಆದರೆ ಬೋರ್ಡಿನ ಬೆಲೆ ಪ್ರೊಸೆಸರಿನ ಬೆಲೆಯನ್ನೂ ಮೀರಿದರೆ ಒಂದು ಕ್ಷಣ ನಿಂತು ಕಾರಣ ಕೇಳಿಕೊಳ್ಳಿ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಕೊಳ್ಳಿ. ಹೇಳಲು ಬಾರದಿದ್ದರೆ ಪೆಟ್ಟಿಗೆಯನ್ನು ಅಂಗಡಿಯ ಮೇಜಿನ ಮೇಲೆಯೇ ಬಿಡಿ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಯಾರಾದರೂ ನಿಮ್ಮನ್ನು "ಯಾವ ಬೋರ್ಡ್ ಹಾಕಿಸಲಿ?" ಎಂದು ಕೇಳಿದಾಗ ಕೂಡಲೇ ಒಂದು ಮಾದರಿಯ ಹೆಸರು ಹೇಳಬೇಡಿ. "ಅದರಲ್ಲಿ ಏನು ಕೆಲಸ ಮಾಡುತ್ತೀರಿ?" ಎಂದು ಮರುಪ್ರಶ್ನೆ ಹಾಕಿ. ಕಾಲು ಗಂಟೆ ಅವರ ಮಾತು ಕೇಳಿ, ಹಾಳೆಯ ಮೂರು ಅಂಕಣ ತುಂಬಿ. ಹೆಸರು ಅದರಿಂದ ತಾನಾಗಿಯೇ ಹೊರಡುತ್ತದೆ. ಹೆಸರು ಬದಲಾಗುತ್ತಲೇ ಇರುತ್ತದೆ, ಮುಂದಿನ ವರ್ಷ ಹೊಸ ಸಾಕೆಟ್ ಬರುತ್ತದೆ, ಹೊಸ ಪಟ್ಟಿ ಬರುತ್ತದೆ. ತೂಗಿ ನೋಡುವ ಅಭ್ಯಾಸ ಒಮ್ಮೆ ಬಂದರೆ ಅದು ಹಳೆಯದಾಗುವುದಿಲ್ಲ.